ಸಿ.ಟಿ. ಸ್ಕ್ಯಾನ್: ಒಂದು ಪ್ರಸ್ತಾವದ ಪೂರ್ವಾಪರ

ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ, ಬೀರುವಿನ ಮೇಲೋ ಮಂಚದ ಕೆಳಗಿನ ಪೆಟ್ಟಿಗೆಯಲ್ಲೋ, ದೊಡ್ಡದೊಂದು ಲಕೋಟೆ ಇರುವುದು ಸಾಮಾನ್ಯ. ಅದರೊಳಗೆ ಕಪ್ಪು ಹಾಳೆಗಳು. ಹಾಳೆಯ ತುಂಬ ಸಾಲುಸಾಲಾಗಿ ಬೂದು ಬಣ್ಣದ ಚಿಕ್ಕ ಚಿಕ್ಕ ಚಿತ್ರಗಳು. ಊರಿನಿಂದ ಬಂದಿದ್ದ ತಂದೆಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದಾಗ ತೆಗೆಸಿದ್ದು, ಅಥವಾ 2020-21ರ ಕೊರೋನಾ ದಿನಗಳಲ್ಲಿ ಎದೆಯ ಸ್ಥಿತಿಯನ್ನರಿಯಲು ತೆಗೆಸಿದ್ದು. ಹಣ ತೆತ್ತು, ವೈದ್ಯರಿಗೆ ತೋರಿಸಿ, ಲಕೋಟೆಯನ್ನು ಮೇಲೆಸೆದು ಮರೆತುಬಿಡುವುದು ವಾಡಿಕೆ. ಸಿ.ಟಿ. ಸ್ಕ್ಯಾನ್ ಎಂಬುದು ಇಂದು ಮನೆಮಾತೇ ಆಗಿದೆ. ಆದರೆ ಈ ಯಂತ್ರವೂ ಒಂದು ಕಾಲಕ್ಕೆ ಬರಿಯ ಕಾಗದದ ಮೇಲಿನ ಪ್ರಸ್ತಾವವಾಗಿದ್ದಿತು. ಅದನ್ನು ಮಂಡಿಸಿ ಗೆದ್ದವನು ವೈದ್ಯನಲ್ಲ, ವಿಶ್ವವಿದ್ಯಾನಿಲಯದ ಪದವೀಧರನೂ ಅಲ್ಲ. ನಾಯಿಯ ಚಿತ್ರವಿದ್ದ ಗ್ರಾಮಫೋನ್ ತಟ್ಟೆಗಳಿಂದ ಭಾರತದಲ್ಲಿಯೂ ಮನೆಮನೆಗೆ ಪರಿಚಿತವಾಗಿದ್ದ ಇ.ಎಂ.ಐ. ಎಂಬ ಇಂಗ್ಲಿಷ್ ಕಂಪೆನಿಯ ಸಂಬಳದಾರ ಎಂಜಿನಿಯರ್ ಆತ. ಹೊಸ ತಂತ್ರಜ್ಞಾನವನ್ನು ನಂಬಿ ಹೊಸ ಸರಕೊಂದನ್ನು ಮಾಡುತ್ತೇವೆಂದು ಮುಂದೆ ಬರುವವರ ಮಾತನ್ನು ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ, ಏತಕ್ಕೆ ಎಂಬ ಪ್ರಶ್ನೆಗೆ ಈ ಯಂತ್ರದ ಚರಿತ್ರೆಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ಮೊದಲಿಗೆ, ಇಂತಹ ಯಂತ್ರದ ಅಗತ್ಯ ಏನಿತ್ತೆಂಬುದನ್ನು ನೋಡಬೇಕು. 1895ರಲ್ಲಿ ರಾಂಟ್‌ಗನ್ ಕಂಡುಹಿಡಿದ ಕ್ಷ-ಕಿರಣಗಳು ಮೂಳೆಯ ಚಿತ್ರವನ್ನು ಚೆನ್ನಾಗಿ ಕೊಡುತ್ತವೆ. ಆದರೆ ಅದು ನೆರಳಿನ ಚಿತ್ರ. ದೇಹದ ಮುಂದಿನದು, ಹಿಂದಿನದು, ನಡುವಿನದು ಎಲ್ಲವೂ ಒಂದರ ಮೇಲೊಂದು ಬಿದ್ದು ಒಂದೇ ಹಾಳೆಯಲ್ಲಿ ಕಲೆಸಿಹೋಗುತ್ತವೆ. ಪುಸ್ತಕವೊಂದರ ಎಲ್ಲ ಪುಟಗಳನ್ನೂ ಒಂದೇ ಪುಟದ ಮೇಲೆ ಅಚ್ಚು ಹಾಕಿದರೆ ಹೇಗೋ ಹಾಗೆ. ಅದರಲ್ಲಿಯೂ ಮಿದುಳು ಗಟ್ಟಿಯಾದ ಬುರುಡೆಯೊಳಗೆ ಅವಿತಿರುವ ಮೃದುವಾದ ಅಂಗ. ಸಾಮಾನ್ಯ ಎಕ್ಸ್‌ರೇಯಲ್ಲಿ ಬುರುಡೆ ಕಾಣುತ್ತದೆಯೇ ಹೊರತು ಮಿದುಳು ಕಾಣುವುದಿಲ್ಲ. ಆದುದರಿಂದ ಮಿದುಳಿನೊಳಗೆ ಗಡ್ಡೆಯಿದೆಯೆಂದು ಸಂಶಯ ಬಂದರೆ, ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸೂಜಿಯಿಂದ ಹೊರತೆಗೆದು, ಅದರ ಬದಲಿಗೆ ಗಾಳಿಯನ್ನು ತುಂಬಿ, ಆ ಗಾಳಿ ಮಿದುಳಿನ ಪೊಳ್ಳುಗಳಿಗೆ ಏರಿದ ಮೇಲೆ ಚಿತ್ರ ತೆಗೆಯುತ್ತಿದ್ದರು. 1919ರ ಸುಮಾರಿಗೆ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ರೂಢಿಗೆ ತಂದ ಈ ವಿಧಾನವೇ ಅರ್ಧ ಶತಮಾನದ ಕಾಲ ನಡೆದು ಬಂದಿತು. ಪರೀಕ್ಷೆಯಾದ ಮೇಲೆ ರೋಗಿಗೆ ಸಹಿಸಲಾರದ ತಲೆನೋವು, ವಾಂತಿ. ಇಷ್ಟು ಹಿಂಸೆಪಟ್ಟರೂ ಗಡ್ಡೆ ನೇರವಾಗಿ ಕಾಣುತ್ತಿರಲಿಲ್ಲ. ಪೊಳ್ಳುಗಳು ಎತ್ತ ವಾಲಿವೆ ಎಂಬುದರಿಂದ ಊಹಿಸಬೇಕಾಗಿತ್ತು.

ಈ ತೊಡಕಿಗೆ ಪರಿಹಾರ ಸೂಚಿಸಿದವರು ಒಬ್ಬರಲ್ಲ, ಮೂವರು. ಒಬ್ಬರ ಸುದ್ದಿ ಮತ್ತೊಬ್ಬರಿಗೆ ತಿಳಿದಿರಲಿಲ್ಲ.

ಅಲನ್ ಕಾರ್ಮಾಕ್ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕ. 1956ರಲ್ಲಿ ಅಲ್ಲಿನ ಗ್ರೂಟೆ ಷೂರ್ ಆಸ್ಪತ್ರೆಯ ಭೌತವಿಜ್ಞಾನಿ ಕೆಲಸ ಬಿಟ್ಟದ್ದರಿಂದ, ವಿಕಿರಣ ವಸ್ತುಗಳ ಬಳಕೆಯ ಮೇಲ್ವಿಚಾರಣೆಗೆ ಕಾನೂನಿನ ಪ್ರಕಾರ ಒಬ್ಬ ಭೌತವಿಜ್ಞಾನಿ ಇರಲೇಬೇಕಾಗಿ, ವಾರಕ್ಕೆ ಒಂದೂವರೆ ದಿನದಂತೆ ಆರು ತಿಂಗಳು ಈತ ಅಲ್ಲಿಗೆ ಹೋಗಬೇಕಾಯಿತು. ದೇಹದ ಒಳಗಿನ ಭಾಗಗಳು ಕಿರಣವನ್ನು ಎಷ್ಟೆಷ್ಟು ಹೀರುತ್ತವೆಂಬುದನ್ನು ಹೊರಗಿನಿಂದಲೇ ಅಳೆದು ಲೆಕ್ಕ ಹಾಕಬಹುದಲ್ಲವೆ ಎಂಬ ಯೋಚನೆ ಅಲ್ಲಿ ಹುಟ್ಟಿತು. ಅದರ ಗಣಿತವನ್ನು ಬಿಡಿಸಿ, ಅಲ್ಯೂಮಿನಿಯಂ ಬಿಲ್ಲೆಗೆ ಮರದ ಬಳೆ ತೊಡಿಸಿ ಪ್ರಯೋಗವನ್ನೂ ಮಾಡಿ, ಮುಂದೆ ಅಮೆರಿಕಕ್ಕೆ ಹೋದ ಮೇಲೆ 1963 ಮತ್ತು 1964ರಲ್ಲಿ ಎರಡು ಪ್ರಬಂಧಗಳನ್ನು ಪ್ರಕಟಿಸಿದ. ಫಲ ಏನೆಂದರೆ, ಬಹುಮಟ್ಟಿಗೆ ಶೂನ್ಯ. ಬಂದ ಕೆಲವೇ ಪತ್ರಗಳಲ್ಲಿ ಒಂದು ಸ್ವಿಟ್ಸರ್ಲೆಂಡಿನ ಹಿಮಪಾತ ಸಂಶೋಧನಾ ಕೇಂದ್ರದ್ದು. ಬೆಟ್ಟದ ಮೇಲಿನ ಹಿಮವನ್ನು ಅಳೆಯಲು ಈ ಲೆಕ್ಕ ಉಪಯೋಗಕ್ಕೆ ಬಂದೀತೆ ಎಂದು ಅವರ ವಿಚಾರಣೆ! ಇದೇ ಗಣಿತವನ್ನು ಯೋಹಾನ್ ರಾಡೋನ್ ಎಂಬ ಆಸ್ಟ್ರಿಯದ ಗಣಿತಜ್ಞ 1917ರಲ್ಲಿಯೇ ಬಿಡಿಸಿ ಇಟ್ಟಿದ್ದನೆಂಬುದು ಕಾರ್ಮಾಕನಿಗೆ ಅನೇಕ ವರ್ಷಗಳ ಮೇಲೆ ತಿಳಿಯಿತು.

ಎರಡನೆಯವನು ವಿಲಿಯಂ ಓಲ್ಡನ್‌ಡಾರ್ಫ್, ಅಮೆರಿಕದ ಲಾಸ್ ಏಂಜಲೀಸ್ ನಗರದ ನರರೋಗ ವೈದ್ಯ. ರೋಗಿಗಳ ತಲೆಗೆ ಗಾಳಿ ತುಂಬುವ ಪರೀಕ್ಷೆಯನ್ನು ಕಂಡು ಬೇಸತ್ತಿದ್ದವನು. ಪ್ಲಾಸ್ಟಿಕ್ ತುಂಡೊಂದಕ್ಕೆ ಮೊಳೆಗಳನ್ನು ಹೊಡೆದು ಅದನ್ನೇ ತಲೆಯೆಂದು ಭಾವಿಸಿ, ಮಕ್ಕಳಾಟದ ರೈಲಿನ ಹಳಿಗಳ ಮೇಲೆ ಅದನ್ನು ನಿಧಾನವಾಗಿ ಚಲಿಸುತ್ತ ತಿರುಗುವಂತೆ ಮಾಡಿ, ಸುತ್ತಲಿನ ಮೊಳೆಗಳ ಗೋಡೆಯೊಳಗೆ ಅಡಗಿದ್ದ ಮೊಳೆಯನ್ನು ವಿಕಿರಣದಿಂದ ಗುರುತಿಸಿದ. 1961ರಲ್ಲಿ ಇದನ್ನು ಪ್ರಕಟಿಸಿದ; ಪೇಟೆಂಟನ್ನೂ ಪಡೆದ. ಎಕ್ಸ್‌ರೇ ಯಂತ್ರಗಳ ತಯಾರಕರೊಬ್ಬರ ಬಳಿಗೆ ಯೋಜನೆಯನ್ನು ಒಯ್ದಾಗ ಬಂದ ಉತ್ತರದ ಸಾರಾಂಶ ಇಷ್ಟು: ಇದು ನಿಮ್ಮ ಮಾತಿನಂತೆ ನಡೆದರೂ, ತಲೆಯ ಅಡ್ಡಸೀಳಿನ ಚಿತ್ರ ತೆಗೆಯುವುದೊಂದನ್ನು ಬಿಟ್ಟರೆ ಬೇರೇನೂ ಮಾಡದ ಇಷ್ಟು ದುಬಾರಿಯ ಯಂತ್ರಕ್ಕೆ ಹೇಳಿಕೊಳ್ಳುವಂತಹ ಮಾರುಕಟ್ಟೆಯಿದೆಯೆಂದು ನಮಗೆ ತೋರುವುದಿಲ್ಲ. ಇಂದು ಈ ಉತ್ತರವನ್ನು ಓದಿ ನಗುವುದು ಸುಲಭ. ಆದರೆ ಆ ತಯಾರಕರ ಕುರ್ಚಿಯಲ್ಲಿ ಕುಳಿತವರು ಬೇರೆ ಏನು ಬರೆಯಬಹುದಾಗಿತ್ತು? ಸಾವಿರಾರು ಅಳತೆಗಳನ್ನು ಲೆಕ್ಕ ಹಾಕಿ ಚಿತ್ರವನ್ನಾಗಿ ಮಾಡಲು ಕಂಪ್ಯೂಟರ್ ಬೇಕು; ಆ ಪ್ರಸ್ತಾವದಲ್ಲಿ ಕಂಪ್ಯೂಟರ್ ಇರಲೇ ಇಲ್ಲ.

ಮೂರನೆಯವನು ಗಾಡ್‌ಫ್ರೀ ಹೌನ್ಸ್‌ಫೀಲ್ಡ್. 1919ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂಷೈರ್ ಪ್ರಾಂತದ ಒಕ್ಕಲು ಮನೆತನದಲ್ಲಿ ಐವರು ಮಕ್ಕಳಲ್ಲಿ ಕೊನೆಯವನಾಗಿ ಹುಟ್ಟಿದವನು. ಬಾಲ್ಯದಲ್ಲಿ ಹುಲ್ಲಿನ ಬಣವೆಯ ಮೇಲಿನಿಂದ ಮನೆಯಲ್ಲಿಯೇ ಮಾಡಿದ ರೆಕ್ಕೆಯನ್ನು ಕಟ್ಟಿಕೊಂಡು ಹಾರಿದ್ದ. ಟಾರ್ ಪೀಪಾಯಿಗೆ ನೀರು ತುಂಬಿ ಅಸಿಟಿಲಿನ್ ಅನಿಲದಿಂದ ಮೇಲಕ್ಕೆ ಹಾರಿಸಲು ಹೋಗಿ ಪ್ರಾಣಕ್ಕೇ ಅಪಾಯ ತಂದುಕೊಂಡಿದ್ದ. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯ ರಾಡಾರ್ ವಿಭಾಗದಲ್ಲಿ ದುಡಿದು, ಆಮೇಲೆ ಎಂಜಿನಿಯರಿಂಗ್ ಡಿಪ್ಲೊಮಾ ಪಡೆದು ಇ.ಎಂ.ಐ. ಸೇರಿದ. ಟ್ರಾನ್ಸಿಸ್ಟರುಗಳಿಂದಲೇ ನಡೆಯುವ ಎಮಿಡೆಕ್ 1100 ಎಂಬ ಕಂಪ್ಯೂಟರನ್ನು 1958ರ ಸುಮಾರಿಗೆ ನಿರ್ಮಿಸಿದ ತಂಡದ ಮುಖಂಡ ಈತನೇ. ಮುಂದೆ ಕಂಪ್ಯೂಟರಿನ ಸ್ಮರಣಕೋಶಕ್ಕೆ ಸಂಬಂಧಿಸಿದ ಈತನ ಮತ್ತೊಂದು ಯೋಜನೆಯಿಂದ ಲಾಭ ಬರಲಾರದೆಂದು ಕಂಪೆನಿ ಅದನ್ನು ನಿಲ್ಲಿಸಿತು. ಇಂತಹ ಸಂದರ್ಭದಲ್ಲಿ ನೌಕರನನ್ನು ಯಾವುದಾದರೊಂದು ಮೂಲೆಯ ವಿಭಾಗಕ್ಕೆ ವರ್ಗ ಮಾಡುವುದು ಲೋಕರೂಢಿ. ಅಲ್ಲಿ ಹಾಗಾಗಲಿಲ್ಲ. ಸದ್ದಿಲ್ಲದೆ ಕುಳಿತು, ಫಲ ಕೊಡಬಹುದಾದ ಬೇರೆ ಸಂಶೋಧನೆ ಯಾವುದೆಂದು ಯೋಚಿಸುವಂತೆ ಅವಕಾಶ ಕೊಟ್ಟರು. 1967ರಲ್ಲಿ ಆತ ಮುಂದಿಟ್ಟ ಸೂಚನೆಗಳಲ್ಲಿ ಒಂದರ ಬೆನ್ನು ಹತ್ತಿ ಹೋದಾಗ ಹೊಳೆದದ್ದೇ ಈ ಯಂತ್ರ.

ಆತನ ಆಲೋಚನೆಯನ್ನು ಲೆಕ್ಕದ ಪುಸ್ತಕ ನೋಡಿದವರೆಲ್ಲರೂ ಗ್ರಹಿಸಬಹುದು. ನಾಲ್ಕು ಮನೆಗಳ ಒಂದು ಚೌಕ. ಮೇಲಿನ ಸಾಲಿನಲ್ಲಿ ಎರಡು ಅಂಕಿ, ಕೆಳಗಿನ ಸಾಲಿನಲ್ಲಿ ಎರಡು. ಅಂಕಿಗಳು ಕಾಣುವುದಿಲ್ಲ, ಮೊತ್ತಗಳು ಮಾತ್ರ ಗೊತ್ತು. ಅಡ್ಡಸಾಲುಗಳ ಮೊತ್ತ 7 ಮತ್ತು 7, ಕಂಬಸಾಲುಗಳ ಮೊತ್ತ 8 ಮತ್ತು 6. ಇಷ್ಟರಿಂದಲೇ ಅಂಕಿಗಳನ್ನು ಹೇಳಲಾಗದು: ಮೇಲೆ 4, 3, ಕೆಳಗೆ 4, 3 ಇರಬಹುದು, ಮೇಲೆ 6, 1, ಕೆಳಗೆ 2, 5 ಕೂಡ ಇರಬಹುದು. ಆದರೆ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಓರೆಯಾಗಿ ಕೂಡಿದರೆ 9 ಎಂದು ತಿಳಿದೊಡನೆ ಸಂದೇಹ ತೀರುತ್ತದೆ: ಮೇಲೆ 5, 2, ಕೆಳಗೆ 3, 4. ಬೇರೆ ಉತ್ತರವಿಲ್ಲ. ತಲೆಯ ಒಂದು ತೆಳುವಾದ ಸೀಳನ್ನು ಇಂತಹ ಚೌಕವೆಂದು ಭಾವಿಸಬೇಕು. ಕಿರಣವೊಂದು ಒಂದು ಬದಿಯಿಂದ ಹೊಕ್ಕು ಮತ್ತೊಂದು ಬದಿಯಿಂದ ಹೊರಬರುವಾಗ ಎಷ್ಟು ಕುಗ್ಗಿದೆಯೋ ಅದೇ ಆ ಸಾಲಿನ ಮೊತ್ತ. ಒಂದೊಂದೇ ಡಿಗ್ರಿಯಷ್ಟು ತಿರುಗಿಸುತ್ತ, 180 ಕೋನಗಳಿಂದ ಮೊತ್ತಗಳನ್ನು ಬರೆದುಕೊಂಡರೆ ಒಳಗಿನ ಪ್ರತಿಯೊಂದು ಮನೆಯ ಅಂಕಿಯೂ ಹೊರಬೀಳುತ್ತದೆ. ಮೊದಲ ಯಂತ್ರದಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 80, ಒಟ್ಟು 6,400 ಮನೆಗಳು. ತೆಗೆದುಕೊಂಡ ಮೊತ್ತಗಳು 28,000ಕ್ಕೂ ಮೇಲ್ಪಟ್ಟು. ಮನುಷ್ಯನ ಆಯುಸ್ಸಿನಲ್ಲಿ ಕೈಲೆಕ್ಕದಿಂದ ಮುಗಿಯುವ ಕೆಲಸವಲ್ಲ. ಕಂಪ್ಯೂಟರನ್ನು ಬಲ್ಲವನಿಗೆ ಮಾತ್ರ ಇದು ಆಗುವ ಕೆಲಸವೆಂದು ತೋರಿತು. ಕಾರ್ಮಾಕನಲ್ಲಿ ಗಣಿತವಿತ್ತು, ಓಲ್ಡನ್‌ಡಾರ್ಫನಲ್ಲಿ ರೋಗಿಯ ಸಂಕಟದ ಅರಿವಿತ್ತು. ಹೌನ್ಸ್‌ಫೀಲ್ಡನಲ್ಲಿದ್ದುದು ಆಗತಾನೆ ಬೆಳೆಯುತ್ತಿದ್ದ ಆ ಯಂತ್ರದ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬ ತಿಳಿವಳಿಕೆ.

ಲೇತ್ ಯಂತ್ರದ ಮೇಲಿನ ಪ್ರಯೋಗ

ಆತ ಮೊದಲ ದಿನವೇ ದೊಡ್ಡ ಮೊತ್ತವನ್ನು ಕೇಳಲಿಲ್ಲವೆಂಬುದು ಗಮನಿಸಬೇಕಾದ ಅಂಶ. ಕಾರ್ಖಾನೆಯ ಹಳೆಯ ಲೇತ್ ಯಂತ್ರದ ಹಾಸನ್ನು ತೆಗೆದುಕೊಂಡು, ಅದರ ಮೇಲೆ ಗಾಮಾ ಕಿರಣ ಸೂಸುವ ವಸ್ತುವನ್ನೂ ಕಿರಣವನ್ನು ಅಳೆಯುವ ಸಾಧನವನ್ನೂ ಎದುರುಬದುರಾಗಿ ಕೂಡಿಸಿದ. ಕಿರಣ ಬಹಳ ದುರ್ಬಲ. ಆದುದರಿಂದ ಒಂದು ಚಿತ್ರಕ್ಕೆ ಒಂಬತ್ತು ದಿನ ಹಿಡಿಯಿತು. ಅಳತೆಗಳೆಲ್ಲ ಕಾಗದದ ಪಟ್ಟಿಯ ಮೇಲೆ ತೂತುಗಳಾಗಿ ದಾಖಲಾಗಿ, ದೊಡ್ಡ ಕಂಪ್ಯೂಟರಿನಲ್ಲಿ ಎರಡೂವರೆ ಗಂಟೆಗಳ ಲೆಕ್ಕವಾಗಬೇಕು. ಒಂಬತ್ತು ದಿನ ಅಲುಗಾಡದೆ ಮಲಗುವ ರೋಗಿ ಎಲ್ಲಿದ್ದಾನೆ? ಆದರೂ ಚಿತ್ರ ಮೂಡಿತು. ತತ್ತ್ವ ಸುಳ್ಳಲ್ಲವೆಂಬುದು ಸಿದ್ಧವಾಯಿತು. ಗಾಮಾ ವಸ್ತುವಿನ ಬದಲು ಎಕ್ಸ್‌ರೇ ಕೊಳವೆಯನ್ನು ಜೋಡಿಸಿದಾಗ ಒಂಬತ್ತು ದಿನ ಒಂಬತ್ತು ಗಂಟೆಗೆ ಇಳಿಯಿತು.

ಬಳಿಕ ಆಸ್ಪತ್ರೆಯ ವಸ್ತುಸಂಗ್ರಹದಿಂದ ಔಷಧದಲ್ಲಿ ನೆನೆಯಿಟ್ಟ ಮನುಷ್ಯನ ಮಿದುಳೊಂದು ದೊರೆಯಿತು. ಅದರ ಚಿತ್ರದಲ್ಲಿ ಬೂದು ಭಾಗ, ಬಿಳಿ ಭಾಗ ಬೇರೆ ಬೇರೆಯಾಗಿ ಕಂಡಾಗ ಎಲ್ಲರಿಗೂ ಸಂಭ್ರಮ. ಆದರೆ ಕೂಲಂಕಷವಾಗಿ ನೋಡಿದಾಗ, ನೆನೆಯಿಟ್ಟ ಫಾರ್ಮಲಿನ್ ದ್ರವವೇ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸಿತ್ತೆಂದು ತಿಳಿದುಬಂತು. ಅನುಕೂಲವಾದ ಫಲಿತಾಂಶವನ್ನೇ ವರದಿಯಲ್ಲಿ ಬರೆದು ಹಣ ಪಡೆಯಬಹುದಾಗಿದ್ದ ಘಟ್ಟ ಅದು. ಹೌನ್ಸ್‌ಫೀಲ್ಡ್ ಕಸಾಯಿಖಾನೆಯಿಂದ ಹೋರಿಯ ಹಸಿ ಮಿದುಳನ್ನು ತರಿಸಿ ಮತ್ತೆ ಮೊದಲಿನಿಂದ ಪರೀಕ್ಷಿಸಿದ. ವ್ಯತ್ಯಾಸ ಕಡಿಮೆಯಾಗಿತ್ತು, ಆದರೆ ಇತ್ತು. ಹಂದಿಯ ದೇಹದ ಸೀಳುಗಳನ್ನು ಇಟ್ಟಾಗ ಇನ್ನೊಂದು ಪೇಚು: ಚಿತ್ರ ಮುಗಿಯುವುದರೊಳಗೆ ಮಾಂಸ ಕೊಳೆಯತೊಡಗಿ, ಗಾಳಿಗುಳ್ಳೆಗಳು ಬೆಳೆಯುತ್ತ ಹೋಗಿ ಚಿತ್ರವನ್ನು ಕೆಡಿಸುತ್ತಿದ್ದವು.

ಇ.ಎಂ.ಐ.ಗೆ ವೈದ್ಯಕೀಯ ಯಂತ್ರಗಳ ವ್ಯಾಪಾರವೇ ತಿಳಿಯದು. ಆದುದರಿಂದ ಪ್ರಸ್ತಾವವನ್ನು ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆಯ ಮುಂದೆ ಇಡಲಾಯಿತು. ಇಲಾಖೆಯವರು ಕಣ್ಣು ಮುಚ್ಚಿ ಒಪ್ಪಲಿಲ್ಲ, ಕಡತವನ್ನು ಮುಚ್ಚಲೂ ಇಲ್ಲ. ಅನುಭವಸ್ಥ ವಿಕಿರಣ ವೈದ್ಯರೊಂದಿಗೆ ಆತನನ್ನು ಭೇಟಿ ಮಾಡಿಸಿ ಅವರ ಅಭಿಪ್ರಾಯ ಪಡೆದರು, ವೆಚ್ಚದಲ್ಲಿ ಪಾಲುಗೊಂಡರು. ಬೀಟಲ್ಸ್ ಗಾಯಕರ ಹಾಡುಗಳಿಂದ ಇ.ಎಂ.ಐ. ಗಳಿಸಿದ ಲಾಭವೇ ಈ ಯಂತ್ರಕ್ಕೆ ಬಂಡವಾಳವಾಯಿತೆಂಬ ಕಥೆಯೊಂದು ಇಂದಿಗೂ ಪ್ರಚಾರದಲ್ಲಿದೆ. ಕೇಳಲು ಸೊಗಸಾಗಿದೆ, ಆದರೆ 2012ರಲ್ಲಿ ಪ್ರಕಟವಾದ ವಿಚಾರಣೆಯೊಂದರ ಪ್ರಕಾರ ಕಂಪೆನಿ ಹಾಕಿದ ಹಣಕ್ಕಿಂತ ಆರೋಗ್ಯ ಇಲಾಖೆ ಹಾಕಿದ ಹಣವೇ ಅನೇಕ ಪಟ್ಟು ಹೆಚ್ಚು. ಹಾಡುಗಾರರಿಗೆ ಸಿಕ್ಕ ಕೀರ್ತಿ ತೆರಿಗೆದಾರನಿಗೆ ಸಲ್ಲಬೇಕಾದದ್ದು.

1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿದ್ದ ಆಟ್ಕಿನ್ಸನ್ ಮಾರ್ಲೀ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆಯಿತು. ಮಿದುಳಿನಲ್ಲಿ ಗಡ್ಡೆಯಿರಬಹುದೆಂದು ಸಂಶಯವಿದ್ದ ಮಹಿಳೆ ಆಕೆ, ಮೇಲ್ವಿಚಾರಣೆ ಡಾ. ಜೇಮ್ಸ್ ಆಂಬ್ರೋಸ್ ಅವರದು. ಅಳತೆಗಳು ದಾಖಲಾಗಿದ್ದ ಟೇಪನ್ನು ಬೇರೆಡೆಯಿದ್ದ ಕಂಪ್ಯೂಟರಿಗೆ ಒಯ್ದು ಲೆಕ್ಕ ಮಾಡಿಸಿ ತಂದ ಚಿತ್ರದಲ್ಲಿ ದುಂಡಗಿನ ಕಪ್ಪು ಕಲೆಯೊಂದು ಸ್ಪಷ್ಟವಾಗಿ ಕಂಡಿತು. ಶಸ್ತ್ರಕ್ರಿಯೆಯಲ್ಲಿ ಗಡ್ಡೆ ಅಲ್ಲಿಯೇ ಇದ್ದಿತು. ತಲೆಗೆ ಗಾಳಿ ತುಂಬಲಿಲ್ಲ, ಬೆನ್ನಿಗೆ ಸೂಜಿ ಚುಚ್ಚಲಿಲ್ಲ. 1972ರ ಏಪ್ರಿಲ್‌ನಲ್ಲಿ ಸಂಗತಿ ಲೋಕಕ್ಕೆ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು.

ಲಾಭ ಯಾರಿಗೆ?

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖಾಂತ್ಯವೆನ್ನಬಹುದಾಗಿತ್ತು. ವಾಣಿಜ್ಯದ ವಿದ್ಯಾರ್ಥಿಗಳು ಮುಖ್ಯವಾಗಿ ಓದಬೇಕಾದದ್ದು ಮುಂದಿನ ಭಾಗ. 1973ರಿಂದ ಅಮೆರಿಕದ ದೊಡ್ಡ ಆಸ್ಪತ್ರೆಗಳು ಇ.ಎಂ.ಐ. ಯಂತ್ರವನ್ನು ಕೊಳ್ಳತೊಡಗಿದವು. ಪೇಟೆಂಟ್ ಕೈಯಲ್ಲಿತ್ತು, ಹೆಸರು ಬಂದಿತ್ತು. ಆದರೆ ಇಂತಹ ಯಂತ್ರವನ್ನು ಮಾರಿದ ಮಾತ್ರಕ್ಕೆ ವ್ಯವಹಾರ ಮುಗಿಯುವುದಿಲ್ಲ. ಯಂತ್ರ ಕೆಟ್ಟರೆ ಮರುದಿನ ಬಂದು ರಿಪೇರಿ ಮಾಡುವವರು ಬೇಕು, ನಡೆಸುವವರಿಗೆ ತರಬೇತಿ ಬೇಕು, ಬಿಡಿಭಾಗಗಳ ದಾಸ್ತಾನು ಬೇಕು. ಎಕ್ಸ್‌ರೇ ವ್ಯಾಪಾರದಲ್ಲಿ ಹಳಬರಾದ ಜನರಲ್ ಎಲೆಕ್ಟ್ರಿಕ್‌ನಂತಹ ಕಂಪೆನಿಗಳಿಗೆ ಇದೆಲ್ಲ ಮೊದಲೇ ಸಿದ್ಧವಿತ್ತು, ಇ.ಎಂ.ಐ. ಹೊಸದಾಗಿ ಕಟ್ಟಬೇಕಾಗಿತ್ತು. 1974ರಲ್ಲಿಯೇ ಅಮೆರಿಕದ ರಾಬರ್ಟ್ ಲೆಡ್ಲಿ ಇಡೀ ದೇಹವನ್ನು ಪರೀಕ್ಷಿಸುವ ಯಂತ್ರವನ್ನು ತಂದ. ಹಿಂದೆಯೇ ಒಂದಾದ ಮೇಲೊಂದು ಸ್ಪರ್ಧಿಗಳು ಹೆಚ್ಚು ವೇಗದ ಯಂತ್ರಗಳನ್ನು ಇಳಿಸಿದರು. ಜೊತೆಗೆ, ದುಬಾರಿ ಯಂತ್ರಗಳನ್ನು ಕೊಳ್ಳುವ ಮುನ್ನ ಅಗತ್ಯವನ್ನು ಸ್ಥಾಪಿಸಿ ಅನುಮತಿ ಪಡೆಯಬೇಕೆಂಬ ಅಮೆರಿಕದ ನಿಯಮಗಳಿಂದ ಬೇಡಿಕೆಯೂ ಇಳಿಯಿತು.

1979ರ ಅಕ್ಟೋಬರಿನಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ ಇಬ್ಬರಿಗೂ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಘೋಷಣೆಯಾಯಿತು. ಇಬ್ಬರೂ ವೈದ್ಯರಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ನಷ್ಟದಿಂದ ಸೊರಗಿದ್ದ ಇ.ಎಂ.ಐ. ಕಂಪೆನಿ ಥಾರ್ನ್ ಎಂಬ ಮತ್ತೊಂದು ಕಂಪೆನಿಯ ಪಾಲಾಯಿತು. ಸ್ವಲ್ಪ ಕಾಲದಲ್ಲಿಯೇ ಸ್ಕ್ಯಾನರ್ ವ್ಯವಹಾರವನ್ನೂ ಕೈಬಿಡಲಾಯಿತು. ಯಾರ ಪ್ರಯೋಗಶಾಲೆಯಲ್ಲಿ ಯಂತ್ರ ಹುಟ್ಟಿತೋ ಅವರ ಅಂಗಡಿಯಲ್ಲಿ ಅದು ಉಳಿಯಲಿಲ್ಲ. ಓಲ್ಡನ್‌ಡಾರ್ಫನಿಗೆ 1975ರಲ್ಲಿ ಹೌನ್ಸ್‌ಫೀಲ್ಡನೊಂದಿಗೆ ಲಾಸ್ಕರ್ ಪ್ರಶಸ್ತಿ ಬಂದಿದ್ದರೂ ನೊಬೆಲ್ ಬರಲಿಲ್ಲ. ಅದು ಸರಿಯೆ ಎಂಬ ಚರ್ಚೆ ವೈದ್ಯವಲಯಗಳಲ್ಲಿ ಬಹುಕಾಲ ನಡೆಯಿತು. ಹೌನ್ಸ್‌ಫೀಲ್ಡ್ ಮದುವೆಯಾಗದೆ, ಆಡಂಬರವಿಲ್ಲದೆ ಬಾಳಿ 2004ರಲ್ಲಿ ತೀರಿಕೊಂಡ. ಸ್ಕ್ಯಾನ್ ವರದಿಗಳಲ್ಲಿ 'ಎಚ್.ಯು.' ಎಂಬ ಎರಡಕ್ಷರ ಕಂಡರೆ ಅದು ಆತನ ಹೆಸರು, ಹೌನ್ಸ್‌ಫೀಲ್ಡ್ ಯೂನಿಟ್. ನೀರಿಗೆ 0, ಗಾಳಿಗೆ ಋಣ 1000. ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಆ ಚೌಕದ ಮನೆಗಳೊಳಗಿನ ಅಂಕಿಗಳೆಂದರೆ ಇವೇ.

ಯಂತ್ರದ ಉಪಯೋಗ, ಉಪಚಾರ

ಇಷ್ಟು ಕಷ್ಟದಿಂದ ಬಂದ ಯಂತ್ರ ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಬೀದಿಬೀದಿಗಳಲ್ಲಿದೆ. ಸುಲಭವಾಗಿ ಸಿಗುತ್ತದೆಂದು ಬೇಕಾದಾಗಲೆಲ್ಲ ತೆಗೆಸುವ ವಸ್ತುವಲ್ಲ ಅದು. ಎದೆಯ ಸಾಮಾನ್ಯ ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 0.1 ಮಿಲಿಸೀವರ್ಟ್, ತಲೆಯ ಸಿ.ಟಿ.ಯಿಂದ ಸುಮಾರು 2. ಹೊಟ್ಟೆಯದಾದರೆ ಸುಮಾರು 8ರಿಂದ 10. ನೆಲ, ಗಾಳಿ, ಆಕಾಶಗಳಿಂದ ಸಹಜವಾಗಿ ವರ್ಷವೊಂದಕ್ಕೆ ಎರಡು-ಮೂರು ಮಿಲಿಸೀವರ್ಟ್ ತಗಲುತ್ತಲೇ ಇರುತ್ತದೆ. ಆದುದರಿಂದ ಅಗತ್ಯವಿದ್ದಾಗ ತೆಗೆಸಲು ಹೆದರಬೇಕಾಗಿಲ್ಲ. ಅಗತ್ಯವಿಲ್ಲದಾಗ, ಅದರಲ್ಲಿಯೂ ಮಕ್ಕಳಿಗೆ, ತೆಗೆಸಬಾರದು. ರಿಯಾಯಿತಿಯ ಜಾಹೀರಾತನ್ನು ನೋಡಿ, ಯಾವ ಕಾಯಿಲೆಯೂ ಇಲ್ಲದವರು ಆಪಾದಮಸ್ತಕ ಸ್ಕ್ಯಾನ್ ಮಾಡಿಸಿಕೊಳ್ಳುವುದು ಹಣಕ್ಕೂ ಮೈಗೂ ದಂಡ. ಗರ್ಭಿಣಿಯಾಗಿರುವ ಸಂಭವವಿದ್ದರೆ ಮೊದಲೇ ಹೇಳಬೇಕು. ಬಣ್ಣದ ಔಷಧವೆಂದು ಜನ ಕರೆಯುವ ಚುಚ್ಚುಮದ್ದು ಕೊಡುವುದಿದ್ದರೆ ಮೂತ್ರಪಿಂಡದ ತೊಂದರೆ, ಹಿಂದೆ ಆಗಿದ್ದ ಅಲರ್ಜಿ, ಸಕ್ಕರೆ ಕಾಯಿಲೆಗೆ ನುಂಗುತ್ತಿರುವ ಮಾತ್ರೆಗಳ ಹೆಸರು, ಇವನ್ನು ತಿಳಿಸಬೇಕು. ಬೀರುವಿನ ಮೇಲಿನ ಹಳೆಯ ಲಕೋಟೆಯನ್ನು ಜೊತೆಗೆ ಒಯ್ದರೆ ವೈದ್ಯರು ಹೋಲಿಸಿ ನೋಡಬಲ್ಲರು. ಎಷ್ಟೋ ವೇಳೆ ಮತ್ತೊಂದು ಸ್ಕ್ಯಾನ್ ಉಳಿಯುತ್ತದೆ.

ಈ ಯಂತ್ರ ಪ್ರಾಣವನ್ನೇ ಉಳಿಸುವ ಗಳಿಗೆಯೊಂದಿದೆ. ಅದು ಲಕ್ವ ಹೊಡೆದ ಗಳಿಗೆ. ಮಿದುಳಿನ ರಕ್ತನಾಳ ಕಟ್ಟಿಕೊಂಡರೂ ಲಕ್ವ, ಒಡೆದು ರಕ್ತ ಸೋರಿದರೂ ಲಕ್ವ. ಹೊರಗಿನಿಂದ ಎರಡೂ ಒಂದೇ ಬಗೆ: ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುವುದು, ಎತ್ತಿದ ಕೈ ಕೆಳಗೆ ಬೀಳುವುದು, ಮಾತು ತೊದಲುವುದು. ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ನಾಳ ಕಟ್ಟಿದ್ದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ರಕ್ತ ಸೋರಿದ್ದರೆ ಅದೇ ಮದ್ದು ಮೃತ್ಯು. ಎರಡನ್ನೂ ಬೇರ್ಪಡಿಸುವುದು ಸಿ.ಟಿ.; ಸೋರಿದ ರಕ್ತ ಅದರಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ. ಆದುದರಿಂದ ಮನೆಯಲ್ಲಿ ಆಸ್ಪಿರಿನ್ ಮಾತ್ರೆ ಕೊಡುವುದಾಗಲಿ, ನೀರು ಕುಡಿಸುವುದಾಗಲಿ, ಬೆಳಗಾಗಲೆಂದು ಕಾಯುವುದಾಗಲಿ ಕೂಡದು. ಹತ್ತಿರದ ಪುಟ್ಟ ನರ್ಸಿಂಗ್ ಹೋಮಿಗಿಂತ, ಹಗಲೂ ರಾತ್ರಿ ಸಿ.ಟಿ. ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯುವುದೇ ಲೇಸು. ಅನೇಕ ರಾಜ್ಯಗಳಲ್ಲಿ 108ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ. ನೆರೆಹೊರೆಯವರ ಭಾಷೆಯೇ ಬಾರದ ವೃದ್ಧರು ಹಗಲೆಲ್ಲ ಒಬ್ಬರೇ ಇರುವ ಮನೆಗಳಲ್ಲಿ, ಇಂತಹ ಆಸ್ಪತ್ರೆ ಯಾವುದೆಂದು ಮೊದಲೇ ವಿಚಾರಿಸಿ, ಅದರ ದೂರವಾಣಿ ಸಂಖ್ಯೆಯನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು ಗೋಡೆಗೆ ಅಂಟಿಸಿಡಬೇಕು.

ಇನ್ನೊಂದು ಮಾತು. ಮೊದಲ ಗಂಟೆಗಳಲ್ಲಿ ಕಟ್ಟಿದ ನಾಳದಿಂದಾದ ಹಾನಿ ಸಿ.ಟಿ.ಯಲ್ಲಿ ಕಾಣದಿರಬಹುದು. ಸ್ಕ್ಯಾನ್ ನಾರ್ಮಲ್ ಎಂದು ಬರೆದುಬಂದರೆ ರಕ್ತಸ್ರಾವವಿಲ್ಲವೆಂದು ಅರ್ಥವೇ ಹೊರತು ಲಕ್ವವಿಲ್ಲವೆಂದಲ್ಲ. ಸಂತೋಷಪಟ್ಟು ರೋಗಿಯನ್ನು ಮನೆಗೆ ಕರೆತರಬಾರದು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳುವುದು, ಇವರು ಚೆನ್ನಾಗಿದ್ದುದನ್ನು ಕೊನೆಯ ಬಾರಿಗೆ ಕಂಡವರು ಯಾರು, ಎಷ್ಟು ಗಂಟೆಗೆ ಎಂದು. ಆ ನಾಲ್ಕೂವರೆ ಗಂಟೆಗಳ ಲೆಕ್ಕ ಅಲ್ಲಿಂದಲೇ ಆರಂಭ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದವರು ಬೆಳಗಿನ ಆರಕ್ಕೆ ಏಳಲಾರದೆ ಹೋದರೆ, ಹೇಳಬೇಕಾದ ಸಮಯ ಆರಲ್ಲ, ಹತ್ತು.